ಜೀನ್ಸ್ ಕಿಸೆಯ ರಿವೆಟ್ ಮತ್ತು ಒಬ್ಬ ದರ್ಜಿಯ ಪೇಟೆಂಟ್

ಬಳ್ಳಾರಿಯ ಕೌಲ್‌ಬಜಾರ್ ಕಡೆ ಹೊಲಿದ ಯಾವುದಾದರೂ ಜೀನ್ಸ್ ಪ್ಯಾಂಟ್ ತೆಗೆದುಕೊಂಡು ಕಿಸೆಯ ಮೂಲೆ ನೋಡಿ. ಅಲ್ಲಿ ಗುಂಡಗಿನ ಒಂದು ಲೋಹದ ರಿವೆಟ್ ಇರುತ್ತದೆ. ಇವತ್ತು ಅದನ್ನು ಯಾರು ಬೇಕಾದರೂ ಬಡಿಯಬಹುದು, ಯಾರನ್ನೂ ಕೇಳಬೇಕಿಲ್ಲ. ಆದರೆ 1873ರಿಂದ 17 ವರ್ಷ ಅಮೆರಿಕದಲ್ಲಿ ಆ ಹಕ್ಕು, ಅಂದರೆ ಪೇಟೆಂಟ್, ಒಂದೇ ಕಂಪನಿಯ ಕೈಯಲ್ಲಿತ್ತು.

ಕಿಸೆಗೆ ರಿವೆಟ್ ಬಡಿಯುವ ಉಪಾಯ ಕಂಡುಹಿಡಿದವನು ಜೇಕಬ್ ಡೇವಿಸ್. ನೆವಾಡಾ ರಾಜ್ಯದ ರೀನೋ ಊರಿನಲ್ಲಿ ದರ್ಜಿಯಾಗಿದ್ದ. ಸೌದೆ ಕಡಿಯುವವನೊಬ್ಬನ ಹೆಂಡತಿ ಬಂದು, ಗಂಡನಿಗೆ ಬೇಗ ಹರಿಯದ ಪ್ಯಾಂಟ್ ಬೇಕು ಎಂದು ಕೇಳಿದಳು. ಕುದುರೆಯ ಹೊದಿಕೆಗೆ ಪಟ್ಟಿ ಕೂರಿಸಲು ಡೇವಿಸ್ ಬಳಸುತ್ತಿದ್ದ ತಾಮ್ರದ ರಿವೆಟ್‌ಗಳು ಅಲ್ಲೇ ಬಿದ್ದಿದ್ದವು. ಅವನ್ನೇ ಕಿಸೆಯ ಮೂಲೆಗಳಿಗೆ ಬಡಿದ.

ಇದು ಏಕೆ ಕೆಲಸ ಮಾಡಿತು? ಕಿಸೆಗೆ ಕೈ ಹಾಕಿ ತೆಗೆಯುವಾಗ ಎಳೆತವೆಲ್ಲ ಅದರ ಬಾಯಿಯ ಎರಡು ಮೂಲೆಗಳಿಗೇ ಬೀಳುತ್ತದೆ. ಮೊದಲ ಹೊಲಿಗೆ ಕಿತ್ತರೆ ಭಾರ ಪಕ್ಕದ ಹೊಲಿಗೆಗೆ ಹೋಗುತ್ತದೆ. ಅದೂ ಕೀಳುತ್ತದೆ. ಹೀಗೇ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ರಿವೆಟ್ ಹಾಗಲ್ಲ. ಬಟ್ಟೆಯ ಪದರಗಳನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತದೆ. ಎಳೆತ ಒಂದು ದಾರದ ಮೇಲೆ ಬೀಳದೆ ಸುತ್ತಲಿನ ಬಟ್ಟೆಗೆ ಹಂಚಿಹೋಗುತ್ತದೆ.

ಪ್ಯಾಂಟ್ ಚೆನ್ನಾಗಿ ಓಡಿತು. ಅಕ್ಕಪಕ್ಕದವರ ಕಣ್ಣೂ ಬಿತ್ತು. ಪೇಟೆಂಟ್ ಮಾಡಿಸಲು 68 ಡಾಲರ್ ಬೇಕು, ಡೇವಿಸ್ ಹತ್ತಿರ ಅಷ್ಟು ದುಡ್ಡಿಲ್ಲ. 1872ರಲ್ಲಿ ತನಗೆ ಬಟ್ಟೆ ಕಳಿಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ಲೆವಿ ಸ್ಟ್ರಾಸ್‌ಗೆ ಪತ್ರ ಬರೆದ. ಪೇಟೆಂಟ್ ಇಲ್ಲದಿದ್ದರೆ ಎಲ್ಲರೂ ಇದನ್ನೇ ಮಾಡುತ್ತಾರೆ, ಆಮೇಲೆ ಇದರಲ್ಲಿ ಕಾಸು ಹುಟ್ಟುವುದಿಲ್ಲ ಎಂದು ವಿವರಿಸಿದ. ಖರ್ಚು ನೀವು ಹಾಕಿ, ಹಕ್ಕು ಹಂಚಿಕೊಳ್ಳೋಣ ಎಂದ. 1873ರ ಮೇ 20ರಂದು 139,121ನೇ ಸಂಖ್ಯೆಯ ಪೇಟೆಂಟ್ ಸಿಕ್ಕಿತು. ಡೇವಿಸ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ತಯಾರಿಕೆಯ ಮೇಲ್ವಿಚಾರಣೆ ವಹಿಸಿಕೊಂಡ.

ರಿವೆಟ್ ಹೊಸದಾಗಿರಲಿಲ್ಲ, ಪ್ಯಾಂಟೂ ಹೊಸದಲ್ಲ. ಕಿಸೆಯ ಬಾಯಿಗೆ ರಿವೆಟ್ ಹಾಕಿ ಭದ್ರಪಡಿಸಿದ್ದು ಮಾತ್ರ ಹೊಸದು. ಪೇಟೆಂಟ್ ಅಂದರೆ ದೊಡ್ಡ ಲ್ಯಾಬು, ದೊಡ್ಡ ವಿಜ್ಞಾನಿ ಎಂದುಕೊಂಡವರು ಇದನ್ನು ಗಮನಿಸಬೇಕು. ನನ್ನ ಮಟ್ಟಿಗೆ ಈ ಕಥೆಯ ಜೀವಾಳ ಬೇರೆ ಇದೆ. ಕೈಯಲ್ಲಿ ಕಾಸಿಲ್ಲದ ದರ್ಜಿ ಒಬ್ಬ ಸಾಹುಕಾರನ ಜೊತೆ ಪಾಲುದಾರನಾಗಿ ಕೂರಲು ಸಾಧ್ಯವಾದದ್ದು ಆ ಹಕ್ಕುಪತ್ರದ ಬಲದಿಂದ.

ಸರ್ಕಾರ ಇದನ್ನು ಸುಮ್ನೆ ಕೊಡುವುದಿಲ್ಲ. ನಿಮ್ಮ ಉಪಾಯ ಹೇಗೆ ಕೆಲಸ ಮಾಡುತ್ತದೆಂದು ಪೂರ್ತಿ ಬರೆದುಕೊಡಬೇಕು. ಅದನ್ನು ಯಾರು ಬೇಕಾದರೂ ಓದಬಹುದು. ಬದಲಿಗೆ ಒಂದಿಷ್ಟು ವರ್ಷ ಬೇರೆಯವರು ಅದನ್ನು ಮಾಡದಂತೆ, ಮಾರದಂತೆ ತಡೆಯುವ ಹಕ್ಕು ನಿಮ್ಮದು. ಭಾರತದಲ್ಲಿ ಈಗ ಅರ್ಜಿ ಹಾಕಿದ ದಿನದಿಂದ 20 ವರ್ಷ. ಅವಧಿ ಮುಗಿದರೆ ಅದು ಎಲ್ಲರದ್ದು.

ಹಕ್ಕು ಸಿಕ್ಕ ಮಾತ್ರಕ್ಕೆ ಹಣ ಬರುತ್ತದೆ ಎಂದೇನಿಲ್ಲ. ರಾಯಚೂರಿನ ಹತ್ತಿ ಮಾರುಕಟ್ಟೆ ಗೊತ್ತಿದ್ದವರಿಗೆ ಜಿನ್ನಿಂಗ್ ಮಿಲ್ ಗೊತ್ತು, ಅಲ್ವಾ? ಹತ್ತಿಯಿಂದ ಕಾಳು ಬೇರ್ಪಡಿಸುವ ಜಾಗ. ನಮ್ಮಲ್ಲಿ ಉರುಳೆಗಳ ಜಿನ್ ಹಳೆಯದು. ಅಮೆರಿಕದ ಎಲಿ ವಿಟ್ನಿ ಬೇರೆ ದಾರಿ ಹಿಡಿದ. ತಿರುಗುವ ಹಲ್ಲುಗಳು ಎಳೆಯನ್ನು ಕಿರಿದಾದ ಸಂದಿನಿಂದ ಎಳೆದುಕೊಳ್ಳುತ್ತವೆ, ಕಾಳು ತೂರಲಾರದೆ ಹಿಂದೆ ಉಳಿಯುತ್ತದೆ. 1794ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಯಂತ್ರ ಎಷ್ಟು ಸರಳವೆಂದರೆ ಊರಿನ ಕಮ್ಮಾರನೂ ನಕಲು ಮಾಡಬಲ್ಲವನಾಗಿದ್ದ. ವಿಟ್ನಿ ಮತ್ತು ಅವನ ಪಾಲುದಾರ ಹತ್ತಿ ಬಿಡಿಸಿಕೊಟ್ಟು ಐದರಲ್ಲಿ ಎರಡು ಪಾಲು ಕೇಳಿದರು. ಬೆಳೆಗಾರರು ತಾವೇ ಯಂತ್ರ ಮಾಡಿಸಿಕೊಂಡರು. ಕೋರ್ಟಿನಲ್ಲಿ ಗೆಲ್ಲುವಷ್ಟರಲ್ಲಿ 1807 ಬಂದಿತ್ತು, ಪೇಟೆಂಟ್ ಅವಧಿ ಮುಗಿಯುವುದರಲ್ಲಿತ್ತು. ಅದೇ ಯಂತ್ರದಿಂದ ಹತ್ತಿ ಬೇಸಾಯ ಹಬ್ಬಿ, ಅಮೆರಿಕದ ಗುಲಾಮಗಿರಿ ಇನ್ನಷ್ಟು ಬೇರುಬಿಟ್ಟಿತು. ಅದನ್ನು ಮರೆತು ವಿಟ್ನಿಯ ನಷ್ಟಕ್ಕೆ ಮಾತ್ರ ಮರುಗುವುದು ಸರಿಯಲ್ಲ.

ಹಳೆಯ ತಿಳಿವಳಿಕೆಗೆ ಪೇಟೆಂಟ್ ನಿಲ್ಲುವುದಿಲ್ಲ. ಗಾಯಕ್ಕೆ ಅರಿಶಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕ ಪೇಟೆಂಟ್ ಕೊಟ್ಟಿತ್ತು. ನಮ್ಮ ದೇಶದ ವೈಜ್ಞಾನಿಕ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿತು. 1997ರಲ್ಲಿ ಅದು ರದ್ದಾಯಿತು.

ಸಿಂಧನೂರು, ಗಂಗಾವತಿ ಕಡೆಯ ವೆಲ್ಡಿಂಗ್ ಅಂಗಡಿಗಳಲ್ಲಿ ಕೂರಿಗೆಗೆ, ಎಡೆಕುಂಟೆಗೆ ಹೊಸ ಭಾಗ ಕೂಡಿಸುವವರಿಗೆ ಒಂದು ಮಾತು. ಹೊಸ ಉಪಾಯ ಹೊಳೆದರೆ ಮೇಳದಲ್ಲಿ ತೋರಿಸುವ ಮೊದಲು, ವಿಡಿಯೊ ಹಾಕುವ ಮೊದಲು ಅರ್ಜಿ ಹಾಕಿ. ಒಮ್ಮೆ ಬಹಿರಂಗವಾದರೆ ಸಾಮಾನ್ಯವಾಗಿ ಅದನ್ನು ಹೊಸದೆಂದು ಒಪ್ಪುವುದಿಲ್ಲ. ಎಲ್ಲ ಸಿದ್ಧವಾಗಿರಬೇಕೆಂದೂ ಇಲ್ಲ. ಮೊದಲು ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ತಿ ವಿವರ ಕೊಡಬಹುದು. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಸೇರುತ್ತವೆ, ಆನ್‌ಲೈನಲ್ಲೇ ಸಲ್ಲಿಸಬಹುದು. ದೊಡ್ಡ ಕಂಪನಿಗಿಂತ ಒಬ್ಬ ವ್ಯಕ್ತಿಗೆ ಶುಲ್ಕ ಬಹಳ ಕಡಿಮೆ. ಅದೂ ಕಷ್ಟವಾದರೆ, ಹಳ್ಳಿಯ ಆವಿಷ್ಕಾರಕರಿಗೆ ಪೇಟೆಂಟ್ ಮಾಡಿಸಲು ನೆರವಾಗುವ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಗುಜರಾತಿನಲ್ಲಿದೆ. ಅವರಿಗೆ ಬರೆಯಿರಿ.