ಮಳೆಯ ಮೊತ್ತಕ್ಕಿಂತ ಹೊಳವಿನ ಲೆಕ್ಕ

ತೀರ್ಥಹಳ್ಳಿ ತಾಲ್ಲೂಕಿನ ಮಳೆಯ ಮಾತು ಬಂದರೆ ಎಲ್ಲರೂ ಆಗುಂಬೆಯ ಅಂಕಿಯನ್ನೇ ಮುಂದಿಡುತ್ತಾರೆ. ವರ್ಷದ ಸರಾಸರಿ ಸುಮಾರು 7,600 ಮಿ.ಮೀ.; 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಅರಬ್ಬಿ ಸಮುದ್ರದ ತೇವ ಹೊತ್ತ ನೈಋತ್ಯ ಮಾರುತ ಘಟ್ಟಕ್ಕೆ ತಡೆದು ಮೇಲೇರಿ, ತಣಿದು ಅಲ್ಲೇ ಸುರಿಯುತ್ತದೆ. ಪೂರ್ವದ ಶಿವಮೊಗ್ಗ ತಲುಪುವಷ್ಟರಲ್ಲಿ ಅದರ ಬಹುಪಾಲು ಬರಿದಾಗಿರುತ್ತದೆ. (ನೆರೆಯ ಹೊಸನಗರ ತಾಲ್ಲೂಕಿನ ಹುಲಿಕಲ್ ಹಲವು ವರ್ಷ ಆಗುಂಬೆಯನ್ನು ಹಿಂದಿಕ್ಕಿದ್ದರೂ ‘ದಕ್ಷಿಣದ ಚಿರಾಪುಂಜಿ’ ಎಂಬ ಬಿರುದು ಮಾತ್ರ ಆಗುಂಬೆಯಲ್ಲೇ ಉಳಿದಿದೆ.) ಆದರೆ ಅಡಿಕೆ ಬೆಳೆಗಾರನ ವರ್ಷವನ್ನು ನಿರ್ಧರಿಸುವುದು ಈ ಮೊತ್ತವಲ್ಲ, ಮಳೆಯ ನಡುವೆ ಸಿಗುವ ಹೊಳವು, ಅಂದರೆ ಮಳೆ ಬಿಡುವು ಕೊಟ್ಟ ಹೊತ್ತು.

ಕಾರಣ ಅಡಿಕೆ ಕಾಯಿಯನ್ನು ಕೊಳೆಸುವ ಕೊಳೆರೋಗ, ಘಟ್ಟದ ಕೆಳಗೆ ಅದೇ ಮಹಾಳಿ. ಫೈಟಾಫ್ತೊರಾ ಎಂಬ ಈ ರೋಗಾಣುವಿನ ಬೀಜಕಗಳು ನೀರಿನಲ್ಲಿ ಈಜಬಲ್ಲವು. ಕಾಯಿಯ ಮೇಲೆ ತೇವ ಆರದೆ ನಿಂತಾಗ, ತೋಟದ ಉಷ್ಣತೆ 20ರಿಂದ 23 ಡಿಗ್ರಿಯ ಆಸುಪಾಸಿನಲ್ಲಿರುವಾಗ, ಬಿಸಿಲು ಮಳೆ ಒಂದರ ಹಿಂದೊಂದು ಬರುವಾಗ ಅದು ಗೊನೆಯಿಂದ ಗೊನೆಗೆ ಹಬ್ಬುತ್ತದೆ. ಹಿಂದಿನವರು ಅಡಿಕೆ ಹಾಳೆಯಿಂದಲೂ ಹುಲ್ಲಿನಿಂದಲೂ ಕೊಟ್ಟೆ (ಗೊನೆ ಮುಚ್ಚುವ ಹೊದಿಕೆ) ಮಾಡಿ, ಮರ ಹತ್ತಿ ಗೊನೆಗಳಿಗೆ ಕಟ್ಟುತ್ತಿದ್ದರು. ನನ್ನ ದೃಷ್ಟಿಯಲ್ಲಿ ಅದು ರೋಗದ ಹೆಸರು ತಿಳಿಯದೆಯೂ ಅದರ ಮರ್ಮ ಹಿಡಿದಿದ್ದ ಉಪಾಯ: ಕಾಯಿ ನೆನೆಯಬಾರದು, ಅಷ್ಟೆ.

ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಕೊಳೆರೋಗದ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ರೂಪುಗೊಂಡ ಶಿಲೀಂಧ್ರನಾಶಕ ಬೋರ್ಡೋ ದ್ರಾವಣ ಮಲೆನಾಡಿನ ತೋಟಗಳಲ್ಲಿ ನೆಲೆಯೂರಿದ್ದಕ್ಕೆ ಅವರ ಪ್ರಚಾರವೇ ಮುಖ್ಯ ಕಾರಣ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಬೇಕು. ಆಮೇಲೆ ಚಾಕುವಿನ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ.

ಮಳೆಗಾಲ ಹಿಡಿಯುವ ಮುನ್ನ ಒಮ್ಮೆ, ಸುಮಾರು 40–45 ದಿನಗಳ ಬಳಿಕ ಇನ್ನೊಮ್ಮೆ ಔಷಧಿ ಹೊಡೆಯುವುದು ವಾಡಿಕೆ. ಎರಡನೆಯ ಸಲದ ಸಿಂಪಡಣೆ ಪುನರ್ವಸು, ಪುಷ್ಯ ಮಳೆಗಳ ಆಸುಪಾಸಿಗೆ ಬರುವುದರಿಂದ ಎಲ್ಲವೂ ಹೊಳವನ್ನೇ ನಂಬಿಕೊಂಡಿರುತ್ತದೆ. 2019ರಂತೆ ಜೂನ್ ಒಣಗಿ ಆಗಸ್ಟ್ ಉಕ್ಕಿದರೆ ಈ ಲೆಕ್ಕ ತಪ್ಪುತ್ತದೆ. 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಗಿದ್ದ 2023ರಲ್ಲಿ ಅದು ಇನ್ನೊಂದು ದಿಕ್ಕಿಗೆ ತಪ್ಪಿತು. ಮಳೆಹನಿಯ ಸಿಡಿತದಿಂದ ಹರಡುವ ಎಲೆಚುಕ್ಕೆ ರೋಗವೂ ಈಚಿನ ವರ್ಷಗಳಲ್ಲಿ ಜೊತೆಗೂಡಿದ್ದರಿಂದ, ಗೊನೆಗಷ್ಟೇ ಸಿಗುತ್ತಿದ್ದ ಔಷಧಿ ಈಗ ಸೋಗೆಗೂ ಬೇಕಾಗಿದೆ.

ಮರ ಹತ್ತುವ ಕೊನೆಗಾರ ಸಿಕ್ಕ ದಿನವೇ ಹೊಳವೂ ಸಿಗಬೇಕು. ಕದಡಿದ ದ್ರಾವಣವನ್ನು ಅಂದೇ ಮುಗಿಸಬೇಕಾದ್ದರಿಂದ, ಬೆಳಿಗ್ಗೆ ಬಿಸಿಲು ನಂಬಿ ಕದಡಿ ಹತ್ತು ಗಂಟೆಗೆ ಮಳೆ ಹಿಡಿದರೆ, ತೋಟದ ಅಂಚಿನ ಡ್ರಮ್ಮಿನಲ್ಲಿ ಆ ನೀಲಿ ನೀರು ಹಾಗೆಯೇ ಉಳಿಯುತ್ತದೆ.