ಮಗಳು ಪಟಪಟ ಓದುತ್ತಾಳೆ, ಆದರೆ ಓದು ಬಂದಿದೆಯಾ?

ಪ್ರಶ್ನೆ: ಮಗಳು ಮೂರನೇ ಕ್ಲಾಸು, ಕನ್ನಡ ಮೀಡಿಯಂ. ಪಾಠ ಕೊಟ್ಟರೆ ಪಟಪಟ ಓದುತ್ತಾಳೆ. ‘ಏನು ಓದಿದೆ, ಹೇಳು’ ಅಂದರೆ ಸುಮ್ನೆ ನಿಲ್ಲುತ್ತಾಳೆ. ಅವಳಿಗೆ ಓದು ಬಂದಿದೆ ಅಂದುಕೊಳ್ಳಬಹುದಾ?

ಅರ್ಧ ಬಂದಿದೆ. ಉಳಿದರ್ಧಕ್ಕೇ ಜಾಸ್ತಿ ವರ್ಷ ಬೇಕು.

ಜನಗಣತಿಯಲ್ಲಿ ಸಾಕ್ಷರರು ಅಂದರೆ ಏಳು ವರ್ಷ ತುಂಬಿ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರು. 2011ರಲ್ಲಿ ಕರ್ನಾಟಕದ ಲೆಕ್ಕ ಶೇ. 75.36. ಆದರೆ ಗಣತಿಗೆ ಬಂದವರು ಪುಸ್ತಕ ಕೊಟ್ಟು ಓದಿಸಿ ನೋಡುವುದಿಲ್ಲ, ಮನೆಯವರು ಹೇಳಿದ್ದನ್ನು ಬರೆದುಕೊಂಡು ಹೋಗುತ್ತಾರೆ. ಹಾಗಾಗಿ ‘ಅರ್ಥ ಮಾಡಿಕೊಂಡು’ ಅನ್ನೋದು ಕಾಗದದಲ್ಲೇ ಉಳಿಯುತ್ತದೆ.

ನಮ್ಮ ಲಿಪಿಯೂ ಇದನ್ನು ಮುಚ್ಚಿಡುತ್ತದೆ. ಕನ್ನಡದಲ್ಲಿ ಬರೆದದ್ದನ್ನು ಹೆಚ್ಚುಕಡಿಮೆ ಹಾಗೇ ಓದುತ್ತೇವೆ ಅಲ್ವಾ, ಅದಕ್ಕೇ ಕಾಗುಣಿತ ಬಂದ ಮಗು ‘ಅಂತರ್ಜಲ’ ಅಂದರೇನು ಅಂತ ಗೊತ್ತಿಲ್ಲದೆಯೂ ಅದನ್ನು ತಪ್ಪಿಲ್ಲದೆ ಓದಿಬಿಡುತ್ತದೆ, ಕೇಳಿದವರು ಜಾಣೆ ಅನ್ನುತ್ತಾರೆ. ಆ ಮಟ್ಟಕ್ಕೆ ಬರುವುದೂ ಸುಲಭವಲ್ಲ ಅನ್ನಿ. ‘ಪ್ರೀತಿ’ಯಲ್ಲಿ ಕಣ್ಣಿಗೆ ಮೊದಲು ಕಾಣುವುದು ‘ಪೀ’, ರ ಒತ್ತು ಕೆಳಗೆ. ‘ಸೂರ್ಯ’ ಅಂತ ಕೈಯಲ್ಲಿ ಬರೆಯುವಾಗ ಅರ್ಕಾವೊತ್ತು ‘ಯ’ ಆದ ಮೇಲೆ ಬರುತ್ತದೆ, ಓದುವಾಗ ಮೊದಲು ಬರುತ್ತದೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರಗಳ ಮೇಲೆ ಹಿಡಿತ ಸಿಗೋದು ನಾಲ್ಕನೇ ಕ್ಲಾಸಿನವರೆಗೂ ಎಳೆಯುತ್ತದೆ. ಒಂದನೇ ಕ್ಲಾಸಿನಲ್ಲೇ ಮುಗಿಯಬೇಕು ಅಂತ ಗಡಿಬಿಡಿ ಮಾಡುವವರು ಇದನ್ನು ನೆನಪಿಡಬೇಕು.

ಅಷ್ಟರಲ್ಲಿ ಪಾಠದ ಮಾತು ಬದಲಾಗುತ್ತದೆ. ಒಂದನೇ ಕ್ಲಾಸಿನಲ್ಲಿ ಬಸವ, ಮರ, ಆಟ. ಎಲ್ಲ ಮನೆಯಲ್ಲಿ ಕೇಳಿದ್ದೇ. ಮೂರು, ನಾಲ್ಕಕ್ಕೆ ಬಂದಾಗ ಪರಿಸರ ಅಧ್ಯಯನದಲ್ಲಿ ಮನೆಯಲ್ಲಿ ಯಾರೂ ಆಡದ ಪದಗಳು ಸಾಲಾಗಿ ಬರುತ್ತವೆ. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಆಡುವ ಮಕ್ಕಳಿಗಂತೂ ಪುಸ್ತಕದ ಕನ್ನಡವೇ ಎರಡನೇ ಭಾಷೆ. ಲೆಕ್ಕದಲ್ಲೂ ಇದೇ ಕಥೆ: 48ನ್ನು 6ರಿಂದ ಭಾಗಿಸು ಅಂದರೆ ಮಾಡುತ್ತಾಳೆ, ‘ಒಂದು ಡಬ್ಬಿಗೆ 6 ಲಾಡು, 48 ಲಾಡಿಗೆ ಎಷ್ಟು ಡಬ್ಬಿ ಬೇಕು’ ಅಂದರೆ ಕೂಡಿಸಲಾ, ಕಳೆಯಲಾ ಅಂತ ಕೇಳುತ್ತಾಳೆ. ಅವಳಿಗೆ ಲೆಕ್ಕ ಬರಲ್ಲ ಅಂತಲ್ಲ, ಆ ವಾಕ್ಯ ತಲೆಗೆ ಹೋಗಿಲ್ಲ.

ಕೇಂದ್ರದ ನಿಪುಣ್ ಭಾರತ್ ಯೋಜನೆ 2021ರಲ್ಲಿ ಶುರುವಾದಾಗ ಇಟ್ಟ ಗುರಿಯೂ ಮೂರನೇ ಕ್ಲಾಸು ಮುಗಿಯುವಷ್ಟರಲ್ಲಿ ಅರ್ಥ ಮಾಡಿಕೊಂಡು ಓದುವುದೇ. ಅಲ್ಲಿಂದ ಮುಂದೆ ಹೈಸ್ಕೂಲಿನವರೆಗೂ ಬೇರೆ ಬೇರೆ ಥರದ ಓದು ಸೇರುತ್ತಾ ಹೋಗುತ್ತದೆ: ಹೇಳದೇ ಬಿಟ್ಟದ್ದನ್ನು ಊಹಿಸುವುದು, ಎರಡು ಕಡೆ ಬರೆದದ್ದನ್ನು ಹೋಲಿಸುವುದು, ವಾಟ್ಸಾಪ್‌ನಲ್ಲಿ ಬಂದದ್ದು ನಿಜವಾ ಅಂತ ಅನುಮಾನ ಪಡುವುದು. ಕೊನೆಯದು ದೊಡ್ಡವರಲ್ಲಿ ಎಷ್ಟು ಜನಕ್ಕೆ ಬಂದಿದೆಯೋ, ಬಿಡಿ.

ಈಗ ನೀವು ಮಾಡಬಹುದಾದ್ದು: ದಿನಾ ಒಂದು ಚಿಕ್ಕ ಕಥೆ ಓದಿಸಿ. ನಡುವೆ ನಿಲ್ಲಿಸಿ ‘ಮುಂದೆ ಏನಾಗಬಹುದು?’, ‘ಅವನು ಯಾಕೆ ಹಾಗೆ ಮಾಡಿದ?’ ಅಂತ ಕೇಳಿ. ಉತ್ತರ ಮನೆಮಾತಿನಲ್ಲೇ ಇರಲಿ, ತಿದ್ದಬೇಡಿ. ಕೆಲವು ದಿನ ನೀವೇ ಓದಿ, ಅವಳು ಕೇಳಲಿ. ನೀವು ಓದಿದ್ದು ಅರ್ಥವಾಗಿ, ಅವಳೇ ಓದಿದ್ದು ಅರ್ಥವಾಗದಿದ್ದರೆ, ಅಕ್ಷರ ಕೂಡಿಸುವುದರಲ್ಲೇ ಸುಸ್ತಾಗುತ್ತಿದ್ದಾಳೆ ಅಂತ ತಿಳಿಯಿರಿ, ಓದಿದ್ದನ್ನೇ ಮತ್ತೆ ಓದಿಸಿ. ಎರಡೂ ಆಗದಿದ್ದರೆ ಪದಗಳ ಕೊರತೆ, ಮಾತು ಜಾಸ್ತಿ ಆಗಬೇಕು. ಕೆಲವು ತಿಂಗಳಾದರೂ ಬದಲಾವಣೆ ಕಾಣದಿದ್ದರೆ ಟೀಚರ್ ಹತ್ತಿರ ಮಾತಾಡಿ, ಕಣ್ಣು, ಕಿವಿ ಒಮ್ಮೆ ತೋರಿಸಿ. ಹತ್ತು ಪುಟ ಕಾಪಿ ಬರೆಸುವುದು ಮಾತ್ರ ಬೇಡ.