ಜೈಲಿನೊಳಗೆ ಬಿದ್ದ ಹೊಡೆತಕ್ಕೆ ಹೊಣೆ ಯಾರು?

1977ರ ಮೇ 5ರ ರಾತ್ರಿ ಕಳೆದು ಬೆಳಗಾಗುವ ಮುನ್ನ, ಆಂಧ್ರದ ಕರ್ನೂಲು ಜಿಲ್ಲೆಯ ಕೋಯಿಲಕುಂಟ್ಲ ಉಪಕಾರಾಗೃಹಕ್ಕೆ ನುಗ್ಗಿದ ಕೆಲವರು ಒಂದು ಸೆಲ್ಲಿನೊಳಕ್ಕೆ ಬಾಂಬ್ ಎಸೆದರು. ಒಳಗಿದ್ದ ತಂದೆ ತೀರಿಕೊಂಡರು, ಮಗ ಗಾಯಗೊಂಡು ಉಳಿದರು. ಇಬ್ಬರೂ ವಿಚಾರಣಾಧೀನ ಕೈದಿಗಳು. ಜೀವಕ್ಕೆ ಅಪಾಯವಿದೆಯೆಂದು ಮೊದಲೇ ತಿಳಿಸಿ ರಕ್ಷಣೆ ಕೋರಿದ್ದವರು. ಆ ರಾತ್ರಿ ಕಾವಲಿಗೆ ಇರಬೇಕಾದಷ್ಟು ಸಿಬ್ಬಂದಿಯೂ ಇರಲಿಲ್ಲ. ಮಗ ಹೂಡಿದ ದಾವೆಗೆ ಸರ್ಕಾರ ಕೊಟ್ಟ ಉತ್ತರವೆಂದರೆ, ಜೈಲು ನಡೆಸುವುದು ಸಾರ್ವಭೌಮ ಕಾರ್ಯ, ಅಂದರೆ ಆಳುವ ಅಧಿಕಾರದಿಂದಲೇ ಸರ್ಕಾರ ಮಾಡುವ ಕೆಲಸ, ಅದರಲ್ಲಾದ ಲೋಪಕ್ಕೆ ಪರಿಹಾರ ಕೇಳಲು ಬಾರದು ಎಂಬುದು. ಹೈಕೋರ್ಟ್ ಆ ವಾದವನ್ನು ತಳ್ಳಿಹಾಕಿ 1,44,000 ರೂಪಾಯಿ ಮತ್ತು ಬಡ್ಡಿ ಕೊಡಿಸಿತು. ಚಲ್ಲಾ ರಾಮಕೃಷ್ಣಾ ರೆಡ್ಡಿ ಪ್ರಕರಣವೆಂದು ವಕೀಲರು ಉಲ್ಲೇಖಿಸುವ ಈ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2000ದಲ್ಲಿ, ಅಂದರೆ ಘಟನೆ ನಡೆದು 23 ವರ್ಷಗಳ ಮೇಲೆ.

ಆ ಹೊತ್ತಿಗೆ ದಾರಿ ಬಹುಮಟ್ಟಿಗೆ ತೆರೆದಿತ್ತು. ಬಿಡುಗಡೆಯ ಆದೇಶವಾದ ಮೇಲೂ 14 ವರ್ಷ ಒಳಗೇ ಉಳಿದ ಬಿಹಾರದ ರುದುಲ್ ಸಾಹ ಎಂಬವರಿಗೆ 1983ರಲ್ಲಿ, ಪೊಲೀಸರ ವಶದಲ್ಲಿದ್ದ ಮಗನನ್ನು ಕಳೆದುಕೊಂಡ ಒಡಿಶಾದ ನೀಲಬತಿ ಬೆಹೆರಾ ಅವರಿಗೆ 1993ರಲ್ಲಿ ಪರಿಹಾರ ದೊರೆತಿತ್ತು. ಜೀವಿಸುವ ಹಕ್ಕನ್ನು ಕಾಪಾಡುವ ಸಂವಿಧಾನದ 21ನೇ ವಿಧಿ ಜೈಲಿನ ಬಾಗಿಲಲ್ಲಿ ನಿಲ್ಲುವುದಿಲ್ಲ ಎಂಬುದು ಈಗ ವಿವಾದದ ಮಾತಲ್ಲ.

ಆದರೂ ವಕೀಲನಾದ ನನ್ನನ್ನು ಕಕ್ಷಿದಾರರ ಮನೆಯವರೇ ಸಂಕೋಚದಿಂದ ಕೇಳುವುದುಂಟು: ‘ಜೈಲಿಗೆ ಹೋದವನಿಗೆ ಸರ್ಕಾರ ದುಡ್ಡು ಕೊಡುತ್ತದೆಯೇ, ಸ್ವಾಮಿ?’ ನಮ್ಮ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಶಿಕ್ಷೆಯಾದವನಿಗೂ ನ್ಯಾಯಾಲಯ ವಿಧಿಸಿದ್ದು ಇಷ್ಟು ವರ್ಷಗಳ ಸೆರೆವಾಸವನ್ನು ಮಾತ್ರ. ಆ ಆದೇಶದಲ್ಲಿ ಹೊಡೆತದ ಪ್ರಸ್ತಾಪವಿರುವುದಿಲ್ಲ. ಬೀದಿಯಲ್ಲಿ ಯಾರಾದರೂ ಕೈಯೆತ್ತಿದರೆ ನಾವು ಓಡಬಹುದು, ಕೂಗಬಹುದು, ಊರು ಬಿಡಬಹುದು. ಬ್ಯಾರಕ್ಕಿನಲ್ಲಿ ಬೀಗ ಹಾಕಿಸಿಕೊಂಡವನಿಗೆ ಇವೆಲ್ಲವನ್ನೂ ಕಾನೂನೇ ಇಲ್ಲವಾಗಿಸಿರುವುದರಿಂದ ಅವನನ್ನು ಕಾಯುವ ಹೊಣೆ ಬೀಗದ ಕೈ ಹಿಡಿದವರದಾಗುತ್ತದೆ.

ಹೊಡೆದವರು ಯಾರು ಎಂಬುದರ ಮೇಲೆ ವಾದ ಬದಲಾಗುತ್ತದೆ. ಜೈಲಿನ ಕಾವಲುಗಾರನಾದ ವಾರ್ಡರ್ ಹೊಡೆದಿದ್ದರೆ ಸರ್ಕಾರ ತಪ್ಪಿಸಿಕೊಳ್ಳುವಂತಿಲ್ಲ. ಕೊಟ್ಟ ಹಣವನ್ನು ಅವನ ಸಂಬಳದಿಂದ ವಸೂಲು ಮಾಡುವುದು ಸರ್ಕಾರಕ್ಕೆ ಬಿಟ್ಟ ವಿಷಯ. ಸಹಕೈದಿ ಹೊಡೆದಿದ್ದರೆ ಕೋಯಿಲಕುಂಟ್ಲದ ಪ್ರಶ್ನೆಗಳನ್ನೇ ಕೇಳಬೇಕು. ಅಪಾಯ ಜೈಲಿನವರಿಗೆ ಗೊತ್ತಿತ್ತೇ? ಎದುರಾಳಿ ಗುಂಪಿನವರನ್ನು ಒಂದೇ ಬ್ಯಾರಕ್ಕಿಗೆ ಹಾಕಿದ್ದರೇ? ಕಾವಲು ಸಾಕಷ್ಟಿತ್ತೇ? ನೀರಿನ ಸಾಲಿನಲ್ಲಿ ಹಠಾತ್ತಾಗಿ ನಡೆದ ಕೈಕೈ ಮಿಲಾವಣೆಗೆಲ್ಲ ಖಜಾನೆಯಿಂದ ಹಣ ಕೊಡಬೇಕೆಂದು ನಾನು ಹೇಳಲಾರೆ.

ನಿಜವಾದ ತೊಡಕು ಕಾನೂನಿನದಲ್ಲ, ಸಾಕ್ಷ್ಯದ್ದು. ಸಾಕ್ಷಿಗಳು ಅದೇ ಬ್ಯಾರಕ್ಕಿನಲ್ಲಿ ಮಲಗಬೇಕಾದವರು. ರಿಜಿಸ್ಟರು, ಕ್ಯಾಮೆರಾ, ಚಿಕಿತ್ಸೆಯ ದಾಖಲೆ ಎಲ್ಲವೂ ಎದುರು ಪಕ್ಷದ ಕೈಯಲ್ಲಿ. ನಾನು ನೋಡಿದ ವರದಿಗಳನ್ನೇ ನಂಬುವುದಾದರೆ, ಕೈದಿಗಳು ಬಚ್ಚಲಿನಲ್ಲಿ ಜಾರಿ ಬೀಳುವಷ್ಟು ಬೇರೆ ಯಾರೂ ಬೀಳುವುದಿಲ್ಲ. ಮೊದಲು ಹದಿನೈದು ದಿನಕ್ಕೊಮ್ಮೆಯಾದರೂ ಮ್ಯಾಜಿಸ್ಟ್ರೇಟರ ಎದುರು ನಿಂತಾಗ ಕುಂಟುವ ಕಾಲು ಕಣ್ಣಿಗೆ ಬೀಳುತ್ತಿತ್ತು. ಈಗ ವಿಡಿಯೋ ಪರದೆಯಲ್ಲಿ ಮುಖವಷ್ಟೇ ಕಾಣುತ್ತದೆ, ಪಕ್ಕದಲ್ಲಿ ಜೈಲು ಸಿಬ್ಬಂದಿ ನಿಂತಿರುತ್ತಾರೆ. ಗಾಯ ಹೇಗಾಯಿತೆಂದು ವಿವರಿಸುವ ಹೊರೆ ವಶದಲ್ಲಿಟ್ಟುಕೊಂಡವರ ಮೇಲಿದೆ ಎಂದು ನೀಲಬತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಪೊಲೀಸ್ ವಶದಲ್ಲಾದ ಸಾವಿನ ಪ್ರಕರಣ. ಜೈಲಿಗೆ ಸೇರುವಾಗ ಮೈಮೇಲೆ ಇಲ್ಲದ ಗಾಯ ಆಮೇಲೆ ಕಾಣಿಸಿಕೊಂಡರೆ ಅದೇ ನಿಯಮವನ್ನು ಅನ್ವಯಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೈದಿಯ ಅಪರಾಧದಿಂದಲೇ ನೊಂದ ಕುಟುಂಬಕ್ಕೆ ಕಾಸೂ ಸಿಗದಿರುವಾಗ ಆ ಕೈದಿಗೇಕೆ ಲಕ್ಷ ಎಂಬ ಆಕ್ಷೇಪ ಮಾತ್ರ ಹಗುರವಾದದ್ದಲ್ಲ. ಕೈದಿಗಳ ಕೂಲಿಯ ಒಂದು ಪಾಲನ್ನು ಅಪರಾಧದಿಂದ ನೊಂದವರಿಗಾಗಿ ತೆಗೆದಿಡಬೇಕೆಂದು 1998ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಶಿಕ್ಷೆಯ ಆದೇಶದಲ್ಲಿ ನೊಂದವರಿಗೆ ಕೊಡಬೇಕಾದ ಹಣ ಬಾಕಿಯಿದ್ದರೆ, ಕೈದಿಗೆ ಸಿಗುವ ಪರಿಹಾರದಿಂದಲೂ ಅದರ ಒಂದಂಶವನ್ನು ಮುರಿದುಕೊಳ್ಳುವುದರಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ. ಹೀಗೆ ಮಾಡಿದರೂ ಸರ್ಕಾರದ ಹೊಣೆ ಮಾತ್ರ ಕಡಿಮೆಯಾಗುವುದಿಲ್ಲ.

ಪರಿಹಾರಕ್ಕಾಗಿ ಮೂಲಭೂತ ಹಕ್ಕಿನ ಉಲ್ಲಂಘನೆಯಾಗಿದೆಯೆಂದು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು, ಸಿವಿಲ್ ದಾವೆ ಹೂಡಬಹುದು, ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಬಹುದು. ಆಯೋಗದ ಮಟ್ಟಿಗೆ ಎರಡು ಮಿತಿಗಳಿವೆ: ಘಟನೆ ನಡೆದು ಒಂದು ವರ್ಷ ಕಳೆದರೆ ಅದು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ, ಎತ್ತಿಕೊಂಡರೂ ಪರಿಹಾರಕ್ಕೆ ಶಿಫಾರಸು ಮಾಡಬಲ್ಲದೇ ಹೊರತು ತಾನೇ ಹಣ ಕೊಡಿಸಲಾರದು. ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ. ಮಗನನ್ನು ನೋಡಿ ಬಂದ ತಾಯಿ ಗಾಯದ ವಿಷಯ ಹೇಳಿದ ದಿನವೇ, ಅವನನ್ನು ಜೈಲಿಗೆ ಕಳಿಸಿದ (ರಿಮಾಂಡ್ ಮಾಡಿದ) ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ, ಜೈಲಿನ ಹೊರಗಿನ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು, ಕ್ಯಾಮೆರಾದ ದೃಶ್ಯಗಳನ್ನು ಅಳಿಸದಂತೆ ಆದೇಶ ಪಡೆಯಬೇಕು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಈ ಅರ್ಜಿಯನ್ನು ಉಚಿತವಾಗಿ ಹಾಕಿಕೊಡುತ್ತಾರೆ. ಮುಂದಿನ ವಾಯಿದೆಯವರೆಗೆ ಕಾದರೆ ಊತ ಇಳಿದಿರುತ್ತದೆ.